ನೀರೊಳಗಿನ ಕಿವಿ ತೊಳೆಯುವ ಪೆಣ್ಣಮ್ಮ

ತೆಪ್ಪದ ಮೇಲೆ ಯಾರು ಯಾರ ವಸ್ತುವನ್ನು ಬೇಕಾದರೂ ಎತ್ತಿಕೊಳ್ಳಬಹುದಿತ್ತು, ಪೆಣ್ಣಮ್ಮನ ಸೋಪಿನ ಡಬ್ಬಿಯೊಂದನ್ನು ಬಿಟ್ಟು. ಅದೊಂದು ಹಳೆಯ ಬಿಸ್ಕತ್ತಿನ ತಗಡು ಡಬ್ಬಿ. ಒಳಗೆ ಎರಡು ಬಿಲ್ಲೆ ಸೋಪು, ಮಕ್ಕಳು ಹಲ್ಲುಜ್ಜುವ ಒಂದು ಬ್ರಷ್ಷು, ಒಂದು ಉಗುರು ಕತ್ತರಿ. ಬೆಳಿಗ್ಗೆ ದೋಣಿಯಿಂದ ತೆಪ್ಪಕ್ಕೆ ಕಾಲಿಟ್ಟ ಕೂಡಲೇ ಅವಳು ಚಪ್ಪಲಿ ಬಿಟ್ಟು, ಕೂದಲನ್ನು ಬಟ್ಟೆಯಲ್ಲಿ ಬಿಗಿದು ಕಟ್ಟಿ, ಡಬ್ಬಿ ತೆರೆದು, ಮೊಣಕೈವರೆಗೆ ಮೂರು ಸಲ ಕೈ ತೊಳೆಯುತ್ತಿದ್ದಳು. ಆಮೇಲೆ ಉಳಿದವರ ಕೈ ನೋಡುತ್ತಿದ್ದಳು. ಕೊಚ್ಚಿಯ ಲ್ಯಾಬಿನಿಂದ ಬಂದ ಎಷ್ಟೇ ದೊಡ್ಡ ವಿಜ್ಞಾನಿಯಾದರೂ ಅಂಗೈ ಮುಂದೆ ಚಾಚಿ ತೋರಿಸಬೇಕಿತ್ತು.

"ಚೇಚಿ, ನಾನು ಬರೀ ನೋಡೋಕೆ ಬಂದಿರೋದು," ಎಂದು ಒಬ್ಬರು ಒಮ್ಮೆ ತಪ್ಪಿಸಿಕೊಳ್ಳಲು ನೋಡಿದ್ದರು. ಚೇಚಿ ಎಂದರೆ ಅಕ್ಕ; ಕಿರಿಯರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಹಾಗೆಯೇ.

"ನೋಡೋಕೆ ಬಂದೋರ ಕೈ ಸುಮ್ಮನಿದ್ದಿದ್ದನ್ನ ಇಪ್ಪತ್ತಾರು ವರ್ಷದಲ್ಲಿ ನಾನು ಕಂಡಿಲ್ಲ ಸಾರ್. ತೊಳೀರಿ," ಎಂದಿದ್ದಳು ಪೆಣ್ಣಮ್ಮ.

ನೀರೊಳಗಿನ ಶಬ್ದ ಅಳೆಯಲೆಂದು ಕೊಚ್ಚಿಯ ಲ್ಯಾಬಿನವರು ಬೆಟ್ಟಗಳ ನಡುವಿನ ಜಲಾಶಯದಲ್ಲಿ ಲಂಗರು ಹಾಕಿ ನಿಲ್ಲಿಸಿದ ತೆಪ್ಪ ಅದು. ಕಬ್ಬಿಣದ ಪೀಪಾಯಿಗಳ ಮೇಲೆ ಹಲಗೆ ಹಾಸಿ ಮೇಲೊಂದು ತಗಡಿನ ಮಾಡು ಹಾಕಿದ್ದರು. ಒಂದು ಮೂಲೆಯಲ್ಲಿ ಕಂಪ್ಯೂಟರಿನ ಕೋಣೆ, ನಡುವೆ ಬಾವಿಯಂಥ ಚೌಕದ ತೂತು. ಆ ತೂತಿನಿಂದಲೇ ಉಪಕರಣಗಳನ್ನು ನೀರಿಗೆ ಇಳಿಸುವುದು. ಸಮುದ್ರದಲ್ಲಿ ಅಲೆ, ಹಡಗು, ಸಿಗಡಿಗಳ ಚಟಪಟ ಎಲ್ಲ ಇರುವುದರಿಂದ ಅಲ್ಲಿ ಶಬ್ದ ಅಳೆಯುವುದೆಂದರೆ ಸಂತೆಯಲ್ಲಿ ಪಿಸುಮಾತು ಕೇಳಿದ ಹಾಗೆ. ಇಲ್ಲಿನ ನೀರು ಆಳವಾಗಿತ್ತು, ನಿಶ್ಶಬ್ದವಾಗಿತ್ತು.

ನೀರಿನಲ್ಲಿ ಶಬ್ದ ಹೊರಡಿಸುವ ಉಪಕರಣಕ್ಕೆ ತೆಪ್ಪದವರು ಬಾಯಿ ಎನ್ನುತ್ತಿದ್ದರು, ಕೇಳುವ ಉಪಕರಣಕ್ಕೆ ಕಿವಿ. ಕಾಗದಗಳಲ್ಲಿ ಅವಕ್ಕೆ ಉದ್ದುದ್ದ ಇಂಗ್ಲಿಷ್ ಹೆಸರುಗಳಿದ್ದವು; ಹಗ್ಗ ಹಿಡಿದು ನಿಂತವರಿಗೆ ಅಷ್ಟು ಹೊತ್ತು ಇರಲಿಲ್ಲ. ತೆಪ್ಪದಲ್ಲಿ ಒಂದು ಮೂಲ ಕಿವಿ ಇತ್ತು. ಕಪ್ಪು ರಬ್ಬರಿನ, ನಿಂಬೆಹಣ್ಣಿನ ಗಾತ್ರದ ತಲೆ, ಹಿಂದೆ ದಪ್ಪ ಕೇಬಲ್ಲು. ಯಾವ ಬಾಯಿ ಎಷ್ಟು ಜೋರು ಎಂದು ಹೇಳುವುದು ಅದೇ. ಅಂಗಡಿಯ ತೂಕದ ಬಟ್ಟು ಸವೆದರೆ ಊರಿನವರೆಲ್ಲರ ಅಕ್ಕಿಯೂ ತಪ್ಪು ತೂಗುತ್ತದಲ್ಲ, ಈ ಕಿವಿಯ ಮಾತೂ ಅಷ್ಟೇ.

ಒಣ ರಬ್ಬರನ್ನು ನೀರಿಗೆ ಇಳಿಸಿದರೆ ಅದರ ಮೈಗೆ ಗಾಳಿಯೂ ಅಂಟಿಕೊಂಡು ಇಳಿಯುತ್ತದೆ. ಕಣ್ಣಿಗೆ ಕಂಡೂ ಕಾಣದಷ್ಟು ತೆಳುವಾದ ಪದರ ಅದು, ಆದರೆ ಶಬ್ದಕ್ಕೆ ಅದು ಅರ್ಧ ಮುಚ್ಚಿದ ಬಾಗಿಲು. ಆದ್ದರಿಂದ ಇಳಿಸುವ ಮುನ್ನ ಕಿವಿಯನ್ನು ಸೋಪು ನೀರಿನಿಂದ ಒರೆಸಬೇಕೆಂದು ನಿಯಮದ ಪುಸ್ತಕದಲ್ಲಿದೆ. ಬಟ್ಟೆಯಿಂದ ಒರೆಸಿ ಎನ್ನುತ್ತದೆ ಪುಸ್ತಕ. ಪೆಣ್ಣಮ್ಮ ಬಟ್ಟೆಯನ್ನು ನಂಬುತ್ತಿರಲಿಲ್ಲ, ಅದು ನಾರು ಬಿಡುತ್ತದೆ. ಅವಳು ಸೋಪು ನೀರಿನಲ್ಲಿ ಅದ್ದಿದ ಹೆಬ್ಬೆರಳಿನಿಂದ ಉಜ್ಜುತ್ತಿದ್ದಳು, ರಬ್ಬರು ಬೆರಳಿನಡಿ ಕಿರ್ ಎನ್ನುವವರೆಗೆ. ಕಿರ್ ಎಂದರೆ ಮೈ ಶುದ್ಧವಾಯಿತು ಎಂದು ಲೆಕ್ಕ. ಪುಸ್ತಕದಲ್ಲಿ ಇಲ್ಲದ ಈ ಪದ್ಧತಿಯೇ ಕ್ರಮೇಣ ತೆಪ್ಪದ ಪದ್ಧತಿಯಾಯಿತು. ಅಳತೆಯ ಹಾಳೆಯಲ್ಲಿ 'ಕಿವಿ ತೊಳೆದಿದೆ' ಎಂಬ ಕಾಲಮ್ಮಿನ ಎದುರು ಅವಳು 'ಪೆ' ಎಂದು ಒಂದಕ್ಷರ ಹಾಕಿದರೆ ಆಮೇಲೆ ಕಿವಿಯ ಬಗ್ಗೆ ಯಾರೂ ಚಕಾರ ಎತ್ತುತ್ತಿರಲಿಲ್ಲ.

ಶಬ್ದದ ಕೆಲಸ ಅವಳಿಗೆ ಬಂದದ್ದು ಚಿಕ್ಕಪ್ಪ ವರೀದ್‌ನಿಂದ. ಅವನದು ಮೈಕ್ ಸೆಟ್ ಅಂಗಡಿ. ಇಗರ್ಜಿಯ ಹಬ್ಬ, ಚುನಾವಣೆಯ ಭಾಷಣ, ಮದುವೆ ಯಾವುದಿದ್ದರೂ ಅವನ ಜೀಪಿನಲ್ಲಿ ಕೊಂಬಿನ ಆಕಾರದ ನಾಲ್ಕು ಸ್ಪೀಕರುಗಳು ಹೋಗುತ್ತಿದ್ದವು. ಸ್ಪೀಕರಿನ ಒಳಗಿನ ತೆಳು ಪೊರೆ ಹರಿದಾಗ ಅಂಟು ಹಾಕಿ ಕೂರಿಸುವ ಕೆಲಸ ಪೆಣ್ಣಮ್ಮನದು. ವರೀದ್‌ನ ದಪ್ಪ ಬೆರಳುಗಳಿಗೆ ಅದು ಒಗ್ಗುತ್ತಿರಲಿಲ್ಲ. ಅಂಟು ಒಣಗಿದ ಮೇಲೆ ಅಳತೆ. ಅಂಗಡಿಯ ಹಿಂದೆ ರಬ್ಬರ್ ತೋಟ. ವರೀದ್ ಮೈಕಿನ ಮುಂದೆ ನಿಂತು ಬಾಯಿಗೆ ಬಂದದ್ದು ಮಾತಾಡುತ್ತಿದ್ದ. ಅವಳು ಸಾಲು ಮರಗಳನ್ನು ಎಣಿಸುತ್ತ ಹಿಂದೆ ಹಿಂದೆ ನಡೆಯುತ್ತಿದ್ದಳು.

"ಎಷ್ಟು ಮರ?" ಎಂದು ಅವನು ಕೂಗುತ್ತಿದ್ದ.

"ನಲವತ್ತನೇ ಮರದ ಹತ್ರಾನೂ ಕೇಳಿಸ್ತು."

"ಕೇಳಿಸಿದ್ದು ಕೇಳಲಿಲ್ಲ ನಾನು. ಏನು ಹೇಳ್ದೆ ಅಂತ ತಿಳಿದಿದ್ದು ಎಷ್ಟನೇ ಮರದವರೆಗೆ?"

"ಹನ್ನೊಂದು."

"ಹಾಗಾದ್ರೆ ಈ ಸ್ಪೀಕರು ಹನ್ನೊಂದು ಮರದ್ದು. ಸದ್ದು ಯಾವ ಕತ್ತೆ ಬೇಕಾದ್ರೂ ಮಾಡುತ್ತೆ."

ಹತ್ತನೇ ತರಗತಿಯಾದ ಮೇಲೆ ಅವಳು ಐಟಿಐಯಲ್ಲಿ ರೇಡಿಯೊ ಮೆಕ್ಯಾನಿಕ್ ಓದಿದಳು; ತರಗತಿಯಲ್ಲಿ ಅವಳೊಬ್ಬಳೇ ಹೆಣ್ಣು. ಮದುವೆಯಾಗಿ ಜೀಪು ಓಡಿಸುವ ಕುಞ್ಞೇಪ್ಪುವಿನ ಜೊತೆ ಜಲಾಶಯದ ಊರಿಗೆ ಬಂದಳು. ತೆಪ್ಪಕ್ಕೆ ಮೆಕ್ಯಾನಿಕ್ ಬೇಕೆಂಬ ಸುದ್ದಿ ತಂದವನು ಅವನೇ. ಸಂದರ್ಶನದಲ್ಲಿ ಅವರು ಮುಚ್ಚಿದ ಪೆಟ್ಟಿಗೆಯೊಳಗಿಂದ ಎರಡು ಸ್ಪೀಕರು ನುಡಿಸಿ, ಒಂದರಲ್ಲಿ ಏನು ದೋಷ ಎಂದು ಕೇಳಿದರಂತೆ. "ಪೊರೆ ಒಂದು ಕಡೆ ಬಿಟ್ಟಿದೆ, ಕೆಳಗಡೆಗೆ," ಎಂದಳಂತೆ ಇವಳು. ಬಿಚ್ಚಿ ನೋಡಿದರೆ ಹಾಗೇ ಇತ್ತು. ಮೊದಲ ನಾಲ್ಕು ವರ್ಷ ತೆಪ್ಪದಲ್ಲಿ ಹೆಂಗಸರಿಗೆ ಶೌಚಾಲಯ ಇರಲಿಲ್ಲ. ಒಂದು ಸಲಕ್ಕೆ ದೋಣಿ ದಡಕ್ಕೆ ಹೋಗಿ ಬರಲು ನಲವತ್ತು ನಿಮಿಷ. ಅವಳು ಅದನ್ನು ಯಾರ ಬಳಿಯೂ ದೂರಲಿಲ್ಲ. ಅಳತೆಯ ಹಾಳೆಯಲ್ಲೇ ಬರೆದಳು: ಹನ್ನೊಂದು ಗಂಟೆಯಿಂದ ಹನ್ನೊಂದು ನಲವತ್ತು, ಕೆಲಸ ನಿಂತಿತ್ತು, ಕಾರಣ ಶೌಚಾಲಯ. ಆ ಹಾಳೆಗಳು ಕೊಚ್ಚಿಗೆ ಹೋಗುತ್ತಿದ್ದವು. ಐದನೇ ವರ್ಷ ಶೌಚಾಲಯ ಬಂತು.

ಐವತ್ತೆಂಟು ತುಂಬಿದ ವರ್ಷ ಅವಳ ಕೈಬೆರಳುಗಳ ಗಂಟುಗಳು ಹಿಡಿದುಕೊಂಡವು. ಬೆಳಿಗ್ಗೆ ಎದ್ದರೆ ಲೋಟ ಹಿಡಿಯಲೂ ಕಷ್ಟ. ಮಲಯಾಳಿಗಳ ಮಳೆಗಾಲದ ಕರ್ಕಿಡಕ ತಿಂಗಳು ಬಂತು. ಆ ತಿಂಗಳಲ್ಲಿ ಔಷಧಿ ಗಂಜಿ ಕುಡಿಯುವುದು, ಮೈಗೆ ತೈಲ ಹಾಕಿಸಿಕೊಳ್ಳುವುದು ಎಲ್ಲ ಮನೆಗಳಲ್ಲೂ ಉಂಟು. ಕುಞ್ಞೇಪ್ಪು ವೈದ್ಯಶಾಲೆಯಿಂದ ಕೊಟ್ಟಂಚುಕ್ಕಾದಿ ತೈಲ ತಂದ. ಸಂಜೆ ಬೇಗ ಊಟ ಮುಗಿದ ಮೇಲೆ ಅವಳನ್ನು ಜಗುಲಿಯ ಬೆಂಚಿನ ಮೇಲೆ ಕೂರಿಸಿ, ತೈಲ ಬೆಚ್ಚಗೆ ಮಾಡಿ, ಒಂದೊಂದೇ ಬೆರಳನ್ನು ಎಳೆದೆಳೆದು ತಿಕ್ಕುತ್ತಿದ್ದ. ಮೂವತ್ತು ವರ್ಷ ಸ್ಟೇರಿಂಗ್ ಹಿಡಿದ ಕೈ ಅದು.

"ಇಚ್ಚಾಯ, ನಿಧಾನ. ಅದು ಗೇರ್ ಅಲ್ಲ," ಎನ್ನುತ್ತಿದ್ದಳು. ಗಂಡನನ್ನು ಅವಳು ಕರೆಯುತ್ತಿದ್ದದ್ದು ಇಚ್ಚಾಯ ಎಂದೇ.

"ಸುಮ್ನಿರು. ಗೇರ್ ಆಗಿದ್ರೆ ಇಷ್ಟೊತ್ತಿಗೆ ಸರಿಯಾಗಿರ್ತಿತ್ತು."

ತಿಕ್ಕಿದ ಮೇಲೆ ಹಳೆಯ ಮುಂಡುಪಂಚೆಯ ಚೂರು ಸುತ್ತಿ ಕಟ್ಟುತ್ತಿದ್ದ. ಬೆಳಗಿನವರೆಗೆ ತೈಲ ಬೆರಳಿಗೆ ಇಳಿಯಬೇಕು ಎಂದು ವೈದ್ಯರು ಹೇಳಿದ್ದರು. ನಾಲ್ಕು ದಿನಕ್ಕೆ ಬೆರಳು ಮಡಚಲು ಬಂತು. ತೆಪ್ಪದಲ್ಲಿ ಅವಳು ಎಂದಿನಂತೆ ಮೂರು ಸಲ ಸೋಪು ಹಾಕಿ ಕೈ ತೊಳೆಯುತ್ತಲೇ ಇದ್ದಳು.

ಕರ್ಕಿಡಕದ ಹತ್ತನೇ ದಿನ, ಸೋಮವಾರ, ಹಸೀನ ತನ್ನ ಬಾಯಿಯನ್ನು ತಂದಳು. ಕೊಚ್ಚಿಯ ಲ್ಯಾಬಿನ ವಿಜ್ಞಾನಿ, ಪೊನ್ನಾನಿಯವಳು, ಮೂವತ್ತನಾಲ್ಕು ವರ್ಷ. ಹೊಳೆಯಲ್ಲಿ, ಕಲ್ಲುಗಣಿಯ ಹೊಂಡದಲ್ಲಿ ಮುಳುಗಿದವರನ್ನು ಹುಡುಕಲು ಅಗ್ನಿಶಾಮಕ ದಳದವರು ನೀರಿಗೆ ಇಳಿಯುತ್ತಾರಲ್ಲ, ಅವರ ಕಿವಿಗೆ ಯಾವ ತಂತಿಯೂ ಇಲ್ಲದೆ ದೋಣಿಯಿಂದಲೇ ಮಾತು ಮುಟ್ಟಿಸುವ ಸ್ಪೀಕರು ಅದು. ನಾಲ್ಕು ವರ್ಷದ ಕೆಲಸ. ಗುರುವಾರ ಪರಿಶೀಲನಾ ಸಮಿತಿ ತೆಪ್ಪಕ್ಕೇ ಬರುವುದಿತ್ತು. ನಿಗದಿಯಾದ ಮಟ್ಟಕ್ಕೆ ಬಾಯಿ ಮುಟ್ಟದಿದ್ದರೆ ಯೋಜನೆ ಅಲ್ಲಿಗೆ ಮುಗಿಯಿತು ಎಂದು ಮೊದಲೇ ಕಾಗದ ಬಂದಿತ್ತು.

ಪೆಣ್ಣಮ್ಮ ಕಿವಿಯನ್ನು ಉಜ್ಜಿ ಹತ್ತು ಮೀಟರ್ ಆಳಕ್ಕೆ ಇಳಿಸಿದಳು. ಅದೇ ಆಳಕ್ಕೆ, ಎರಡು ಮೀಟರ್ ಅಂತರದಲ್ಲಿ, ಹಸೀನಳ ಬಾಯಿ ಇಳಿಯಿತು. ಜನರೇಟರ್ ನಿಲ್ಲಿಸಿದರು. ಎಲ್ಲರೂ ನಿಂತಲ್ಲೇ ನಿಂತರು. ಅಳತೆಯ ಹೊತ್ತಿನಲ್ಲಿ ತೆಪ್ಪದ ಮೇಲೆ ಯಾರೂ ಹೆಜ್ಜೆ ಎತ್ತಿಡುವಂತಿಲ್ಲ.

ನಾಲ್ಕು ಡೆಸಿಬೆಲ್ ಕಡಿಮೆ ಬಂತು.

ನಾಲ್ಕು ಎಂದರೆ ಕೇಳಲು ಸಣ್ಣ ಅಂಕಿ. ಆದರೆ ಬಾಯಿಯಿಂದ ಬರಬೇಕಾದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಎಲ್ಲೋ ಹೋಯಿತು ಎಂದು ಅದರ ಅರ್ಥ. ಮಂಗಳವಾರ ಕೇಬಲ್ ಬದಲಿಸಿದರು, ಹಗ್ಗ ಬದಲಿಸಿದರು, ಆಂಪ್ಲಿಫೈಯರ್ ಬದಲಿಸಿದರು. ಮತ್ತೆ ನಾಲ್ಕೇ ಕಡಿಮೆ. ತೆಪ್ಪದ ಮೇಲ್ವಿಚಾರಕ ವೇಲಪ್ಪನ್ ಸಾರ್ ಕನ್ನಡಕವನ್ನು ಹಣೆಗೇರಿಸಿ ಪೆಣ್ಣಮ್ಮನ ಕಡೆ ನೋಡಿದರು.

"ಪೆಣ್ಣಮ್ಮೇ, ಕಿವಿ?"

"ಕಿವಿ ನಾನು ತೊಳೆದಿದ್ದು ಸಾರ್."

ವೇಲಪ್ಪನ್ ಸಾರ್ ಇನ್ನೇನೋ ಕೇಳುವವರಿದ್ದರು. ಅಷ್ಟರಲ್ಲಿ ಹಸೀನಳೇ ತಡೆದಳು.

"ಚೇಚಿ ತೊಳೆದಿದ್ದಾರೆ ಅಂದ್ಮೇಲೆ ಕಿವಿ ಮಾತು ಬೇಡ ಸಾರ್. ತಪ್ಪು ನನ್ನ ಬಾಯೀದೇ. ಒಳಗೆ ಎಲ್ಲೋ ಅಂಟು ಬಿಟ್ಟಿರಬೇಕು. ನಾಳೆ ಮಧ್ಯಾಹ್ನದೊಳಗೆ ಬೇರೆ ದಾರಿ ಕಾಣದಿದ್ರೆ ಸೀಲು ಕೊಯ್ದು ನೋಡ್ತೀನಿ."

"ಕೊಯ್ದರೆ ಗುರುವಾರಕ್ಕೆ ಮತ್ತೆ ಸೀಲ್ ಮಾಡೋಕಾಗುತ್ತಾ?"

"ಆಗಲ್ಲ. ಒಣಗೋಕೇ ಮೂರು ದಿನ ಬೇಕು. ಆದ್ರೆ ತಪ್ಪು ಎಲ್ಲಿತ್ತು ಅಂತ ಹೇಳೋಕಾದ್ರೂ ಆಗುತ್ತೆ. ಸುಮ್ನೆ ಫೇಲಾಯ್ತು ಅನ್ನೋದಕ್ಕಿಂತ ವಾಸಿ."

ಆ ಸಂಜೆ ದೋಣಿಯಲ್ಲಿ ಹಸೀನ ಅಳತೆಯ ಹಾಳೆಗಳನ್ನೇ ತಿರುವಿ ಹಾಕುತ್ತಿದ್ದಳು. ಪೆಣ್ಣಮ್ಮ ತನ್ನ ಊಟದ ಡಬ್ಬಿಯಿಂದ ಬೇಯಿಸಿದ ಮರಗೆಣಸಿನ ತುಂಡು ತೆಗೆದು ಕೊಟ್ಟಳು. ಹಸೀನ ತಿಂದಳು. ಖಾರದ ಚಟ್ನಿ ಮೂಗಿಗೆ ಏರಿತೋ ಏನೋ, ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡಳು.

ಬುಧವಾರ ಬೆಳಿಗ್ಗೆ ಪೆಣ್ಣಮ್ಮನಿಗೆ ವರೀದ್‌ನ ರಬ್ಬರ್ ಮರಗಳು ನೆನಪಾದವು. ತೆಪ್ಪದಿಂದ ದಡದ ಕಡೆಗೆ, ಇಪ್ಪತ್ತೈದು ಮೀಟರಿಗೊಂದರಂತೆ, ದೂರದ ಗುರುತಿಗೆಂದು ಕಟ್ಟಿದ ಹಳದಿ ಪ್ಲಾಸ್ಟಿಕ್ ಬುರುಡೆಗಳು ತೇಲುತ್ತಿದ್ದವು. ಅವಳು ದೋಣಿಯ ಚೆಲ್ಲನ್‌ನನ್ನು ಕರೆದಳು. ಹಸೀನಳನ್ನು ಅವಳು ಮೋಳೇ, ಎಂದರೆ ಮಗಳೇ, ಎಂದೇ ಕರೆಯುತ್ತಿದ್ದಳು. "ಮೋಳೇ, ಬಾಯಿ ಮಾತಾಡ್ತಾ ಇರಲಿ. ನಾನು ಒಂದು ಸುತ್ತು ಹೋಗಿ ಬರ್ತೀನಿ," ಎಂದಳು. ಕೋಣೆಯಲ್ಲಿ ಅಂಕಿಗಳ ಮುಂದೆ ಕೂತಿದ್ದ ಹಸೀನ ತಲೆ ಎತ್ತದೆ ಹ್ಞೂಂ ಎಂದಳು.

ಬುರುಡೆಯೊಂದರ ಹತ್ತಿರ ಬಂದಾಗ ಪೆಣ್ಣಮ್ಮ ಚೆಲ್ಲನ್‌ನ ಮರದ ಹುಟ್ಟನ್ನು ತೆಗೆದುಕೊಂಡು, ಅಗಲದ ತುದಿ ನೀರಿಗಿಟ್ಟು, ಹಿಡಿಯ ತುದಿಗೆ ಕಿವಿ ಹಚ್ಚಿದಳು. ನೀರಿನ ಶಬ್ದ ಮರದ ಮೂಲಕ ಏರಿ ಬರುತ್ತದೆ. ಮೀನು ಹಿಡಿಯುವವರಿಗೆಲ್ಲ ಗೊತ್ತಿರುವ ಉಪಾಯ.

"ಲಕ್ಷ ಲಕ್ಷದ ಕಿವಿ ಅಲ್ಲಿ ನೇತಾಡ್ತಿದೆ. ಚೇಚಿ ನನ್ನ ಹುಟ್ಟು ಕೇಳ್ತಿದ್ದಾರೆ," ಎಂದ ಚೆಲ್ಲನ್. "ಮೀನು ಏನಾದ್ರೂ ಹೇಳಿದ್ರೆ ನಂಗೂ ಹೇಳಿ. ಮನೇಲಿ ಸಾರಿಗೆ ಏನೂ ಇಲ್ಲ."

"ಉಸಿರು ಬಿಡೋದು ಸ್ವಲ್ಪ ಕಡಿಮೆ ಮಾಡು. ಅದೂ ಕೇಳಿಸ್ತಿದೆ."

ಹುಟ್ಟಿನೊಳಗಿಂದ ಹಸೀನಳ ಧ್ವನಿಯೇ ಬರುತ್ತಿತ್ತು, ಪರೀಕ್ಷೆಗೆಂದು ಮೊದಲೇ ಹಿಡಿದಿಟ್ಟಿದ್ದು. ಮೇಲೆ ಬಾ. ಎಡಕ್ಕೆ ಹತ್ತು ಅಡಿ. ಅಲ್ಲೇ ನಿಲ್ಲು. ಮೇಲೆ ಬಾ.

ತೆಪ್ಪದಲ್ಲಿ ಒಂದು ಹಳೆಯ ಬಾಯಿ ಇತ್ತು, ಅದನ್ನು ಎಲ್ಲರೂ ಮುದುಕಿ ಎನ್ನುತ್ತಿದ್ದರು. ಸಮಿತಿ ಹಸೀನಳಿಗೆ ನಿಗದಿ ಮಾಡಿದ ಮಟ್ಟ ಆ ಮುದುಕಿಯ ಮಟ್ಟವೇ. ಮುದುಕಿಯ ಮಾತು ಐದನೇ ಬುರುಡೆಯ ಹತ್ತಿರ ಕಲಸಿಹೋಗುತ್ತದೆ ಎಂದು ಪೆಣ್ಣಮ್ಮನಿಗೆ ಗೊತ್ತಿತ್ತು. ಬಿಡುವಿನ ಹೊತ್ತಿನಲ್ಲಿ ಎಷ್ಟೋ ಸಲ ಹೀಗೆ ಹುಟ್ಟು ಹಿಡಿದು ಕೇಳಿದ್ದಳು. ಹಸೀನಳ ಬಾಯಿ ನಿಜವಾಗಿ ನಾಲ್ಕು ಡೆಸಿಬೆಲ್ ಕಡಿಮೆಯಾಗಿದ್ದರೆ ಮಾತು ಮೂರನೇ ಬುರುಡೆಗೇ ಕರಗಬೇಕು.

ಮೂರನೆಯದರ ಹತ್ತಿರ ಪ್ರತಿ ಅಕ್ಷರ ಬಿಡಿಬಿಡಿಯಾಗಿ ಕೇಳಿಸಿತು. ನಾಲ್ಕನೆಯದರ ಹತ್ತಿರವೂ ಹಾಗೆಯೇ. ಐದನೆಯದರ ಹತ್ತಿರ 'ಹತ್ತು ಅಡಿ' ಎಂಬುದು ಇನ್ನೂ ಹತ್ತು ಅಡಿಯಾಗಿಯೇ ಇತ್ತು.

"ಇನ್ನೂ ಮುಂದೆ ಹೋಗ್ಲಾ ಚೇಚಿ?"

"ಬೇಡ. ತಿರುಗಿಸು."

ಬಾಯಿಯಲ್ಲಿ ದೋಷವಿಲ್ಲ. ಕೇಬಲ್ಲು, ಹಗ್ಗ, ಆಂಪ್ಲಿಫೈಯರ್ ಎಲ್ಲ ಬದಲಾಗಿದ್ದವು. ಬದಲಾಗದೆ ಉಳಿದಿದ್ದು ಒಂದೇ.

ತೆಪ್ಪದ ಚೌಕದ ಬಳಿ ಅವಳೊಬ್ಬಳೇ ಮಂಡಿಯೂರಿ, ರಾಟೆ ತಿರುಗಿಸಿ ಕಿವಿಯನ್ನು ಮೇಲೆಳೆದಳು. ಪೂರ್ತಿ ಎತ್ತಲಿಲ್ಲ. ಒಂದು ಮೊಳ ಆಳದಲ್ಲಿ ನಿಲ್ಲಿಸಿ ಟಾರ್ಚ್ ಹಾಕಿ ನೋಡಿದಳು. ಕಪ್ಪಾಗಿರಬೇಕಾದ ರಬ್ಬರು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಕೆಸುವಿನ ಎಲೆಯನ್ನು ನೀರಿನಲ್ಲಿ ಮುಳುಗಿಸಿದರೆ ಹೊಳೆಯುತ್ತದಲ್ಲ, ಥೇಟ್ ಹಾಗೆ. ಅಲ್ಲಲ್ಲಿ ಸಾಸಿವೆ ಕಾಳಿನಂಥ ಗುಳ್ಳೆಗಳು ಕೂತಿದ್ದವು. ಮೈ ತುಂಬ ಗಾಳಿ. ಇನ್ನೊಂದು ಗೇಣು ಮೇಲೆತ್ತಿದಳು. ನೀರಿನಿಂದ ಹೊರಬಂದದ್ದೇ ಹೊಳಪು ಮಾಯವಾಯಿತು. ಈಗ ಯಾರು ನೋಡಿದರೂ ಅದು ತೊಳೆದಿಟ್ಟ ಕಪ್ಪು ರಬ್ಬರು, ಅಷ್ಟೇ.

ಅವಳು ತನ್ನ ಕೈ ನೋಡಿಕೊಂಡಳು. ಬಕೆಟ್ಟಿನಿಂದ ಒಂದು ಚೊಂಬು ನೀರು ಹೆಬ್ಬೆರಳಿನ ಮೇಲೆ ಸುರಿದಳು. ನೀರು ಹರಡಲಿಲ್ಲ, ಮಣಿಮಣಿಯಾಗಿ ಜಾರಿ ಬಿತ್ತು. ಬೆಳಿಗ್ಗೆ ಮೂರು ಸಲ ಸೋಪು ಹಾಕಿ ತೊಳೆದ ಬೆರಳು. ಉಗುರಿನ ಸಂದಿಯನ್ನು ಒತ್ತಿ ಮೂಸಿದರೆ ಶುಂಠಿ ಮತ್ತು ಎಳ್ಳೆಣ್ಣೆಯ ವಾಸನೆ. ರಾತ್ರಿಯಿಡೀ ಬಟ್ಟೆ ಕಟ್ಟಿ ಒಳಗಿಳಿಸಿದ ತೈಲ ಹಗಲಿಡೀ ಸ್ವಲ್ಪ ಸ್ವಲ್ಪವೇ ಹೊರಬರುತ್ತಿತ್ತು. ನೆನೆಯಬೇಕಾದ ಕಿವಿಗೆ ಅವಳೇ ದಿನವೂ ಕೂತು ಎಣ್ಣೆ ಸವರಿದ್ದಳು.

ಹಾಗಾದರೆ ರಬ್ಬರು ಕಿರ್ ಎಂದಿರಲಿಲ್ಲವೇ? ಎಂದಿರಲಿಲ್ಲ. ಅದು ಅವಳ ಗಮನಕ್ಕೆ ಬಂದಿತ್ತು. ಬೆರಳು ನೋಯುತ್ತಿದೆ, ಒತ್ತಲು ಆಗುತ್ತಿಲ್ಲ, ಅದಕ್ಕೇ ಸದ್ದು ಬರುತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಂಡು 'ಪೆ' ಹಾಕಿದ್ದಳು.

ಗಂಟೆ ಹನ್ನೊಂದಾಗಿತ್ತು. ಹಸೀನ ಬಾಯಿಯನ್ನು ಮೇಲೆತ್ತಿಸಿ ಸೀಲು ಕೊಯ್ಯುವ ಬ್ಲೇಡನ್ನು ಕೈಗೆತ್ತಿಕೊಂಡಿರುವುದು ಕಾಣಿಸುತ್ತಿತ್ತು. ಒಂದು ದಾರಿ ಸುಲಭವಾಗಿತ್ತು. ಹತ್ತಿ ತೆಗೆದುಕೊಂಡು, ಸ್ಪಿರಿಟ್ಟಿನಿಂದ ಕಿವಿಯನ್ನು ಒರೆಸಿ, ಮತ್ತೆ ಇಳಿಸಿ, "ಇನ್ನೊಂದೇ ಒಂದು ಸಲ ಅಳೆದು ನೋಡು ಮೋಳೇ," ಎಂದರೆ ಸಾಕು. ಅಳತೆ ಸರಿ ಬರುತ್ತದೆ. ನೀರಿನಲ್ಲಿ ಏನೋ ವ್ಯತ್ಯಾಸ ಇದ್ದಿರಬೇಕು ಎಂದುಕೊಂಡು ಎಲ್ಲರೂ ಖುಷಿಯಾಗುತ್ತಾರೆ. ಹಸೀನ ಉಳಿಯುತ್ತಾಳೆ. 'ಪೆ' ಕೂಡ ಉಳಿಯುತ್ತದೆ.

ಆದರೆ ಕರ್ಕಿಡಕದ ಮೊದಲ ದಿನದಿಂದ ಇದೇ ಕಿವಿಯ ಮುಂದೆ ಇನ್ನೂ ಎರಡು ಬಾಯಿಗಳು ಅಳತೆಯಾಗಿ ಹೋಗಿದ್ದವು. ಒಂದಕ್ಕೆ 'ದುರ್ಬಲ' ಎಂದು ಬರೆದು ಕಳಿಸಿದ್ದರು. ಇನ್ನೊಂದಕ್ಕೆ 'ಸವೆದಿದೆ' ಎಂದು. ಆ ಹಾಳೆಗಳಲ್ಲೂ ಅವಳ ಅಕ್ಷರ ಇತ್ತು.

ಅವಳು ಕಿವಿಯನ್ನು ಮತ್ತೆ ಒಂದು ಮೊಳ ಆಳಕ್ಕೆ ಬಿಟ್ಟು, ಕೋಣೆಯ ಕಡೆ ಮುಖ ಮಾಡಿ ಕರೆದಳು.

"ಮೋಳೇ, ಆ ಬ್ಲೇಡ್ ಕೆಳಗಿಡು. ವೇಲಪ್ಪನ್ ಸಾರನ್ನೂ ಕರ್ಕೊಂಡು ಬಾ. ಒಂದು ತೋರಿಸೋದಿದೆ."

ಇಬ್ಬರೂ ಬಂದರು. ಅವಳು ಟಾರ್ಚ್ ಹಾಕಿದಳು. ಮತ್ತೆ ಅದೇ ಬೆಳ್ಳಿ ಹೊಳಪು. ಬೆರಳಿನ ಮೇಲೆ ನೀರು ಸುರಿದು ತೋರಿಸಿದಳು. ತೈಲದ ವಿಷಯ ಹೇಳಿದಳು. ಹುಟ್ಟಿನ ವಿಷಯ ಹೇಳಿದಳು. ರಬ್ಬರು ಕಿರ್ ಎನ್ನದ ವಿಷಯವನ್ನೂ ಹೇಳಿದಳು. ಅದನ್ನು ಹೇಳುವಾಗ ಮಾತ್ರ ಧ್ವನಿ ತಗ್ಗಿತು.

ಇಬ್ಬರೂ ಅಳತೆಯ ಹೊತ್ತಿನಲ್ಲಿ ನಿಲ್ಲುವ ಹಾಗೇ ನಿಂತಿದ್ದರು.

"ಎಷ್ಟು ದಿನದಿಂದ?" ಎಂದರು ವೇಲಪ್ಪನ್ ಸಾರ್.

"ಒಂದನೇ ತಾರೀಕಿಂದ. ಕರ್ಕಿಡಕ ಒಂದರಿಂದ."

"ಹೋದ ವರ್ಷ?"

ಪೆಣ್ಣಮ್ಮ ಇದನ್ನು ಯೋಚಿಸಿರಲಿಲ್ಲ. ಹೋದ ವರ್ಷವೂ ಕುಞ್ಞೇಪ್ಪು ಸೀಸೆ ತಂದಿದ್ದ. ಐದು ದಿನ ಹಚ್ಚಿಸಿಕೊಂಡು, ವಾಸನೆಗೆ ತಲೆನೋವು ಬರುತ್ತದೆಂದು ಬಿಟ್ಟಿದ್ದಳು.

"ಹೋದ ವರ್ಷ ಐದು ದಿನ ಸಾರ್. ಮೊದಲ ವಾರ."

ವೇಲಪ್ಪನ್ ಸಾರ್ ಹಣೆಯ ಮೇಲಿದ್ದ ಕನ್ನಡಕ ತೆಗೆದು ಜೇಬಿಗಿಟ್ಟರು. "ನಾಳೆ ಸಮಿತಿ ಬರ್ತಿದೆ. ಇವತ್ತು ಇದನ್ನ ಹೇಳ್ತಿದ್ದೀರಿ. ನಾಡಿದ್ದು ಹೇಳಿದ್ರೆ ಆಗ್ತಿರಲಿಲ್ವಾ ಪೆಣ್ಣಮ್ಮೇ?"

"ನಾಡಿದ್ದಿಗೆ ನಂಗೆ ಧೈರ್ಯ ಇರ್ತಿರಲಿಲ್ಲ ಸಾರ್."

ಹಸೀನ ಅಷ್ಟು ಹೊತ್ತೂ ನೀರಿನೊಳಗಿನ ಹೊಳಪನ್ನೇ ನೋಡುತ್ತಿದ್ದಳು. "ಎರಡು ರಾತ್ರಿ ನಿದ್ದೆ ಮಾಡಿಲ್ಲ ನಾನು," ಎಂದಳು ಮೆಲ್ಲಗೆ. ಸಿಟ್ಟೋ ಸಮಾಧಾನವೋ ಎಂದು ಅವಳ ಮುಖದಿಂದ ತಿಳಿಯುವಂತಿರಲಿಲ್ಲ. "ಮನೆಗೆ ಫೋನ್ ಮಾಡಿ ಉಮ್ಮನ ಹತ್ರ, ಮುಗೀತು, ಕೈಬಿಟ್ಟು ಬರ್ತೀನಿ ಅಂತ ಹೇಳಿಯಾಯ್ತು."

"ಬೈಯಿ ಮೋಳೇ. ಬೈದ್ರೆ ನಂಗೂ ಹಗುರ."

"ಬೈಯೋಕೆ ಈಗ ಟೈಮಿಲ್ಲ ಚೇಚಿ. ಕೈಗವಸು ಎಲ್ಲಿದೆ?"

ಕಿವಿಯನ್ನು ಸ್ಪಿರಿಟ್ಟಿನಿಂದ ಒರೆಸಿ, ಕೈಗವಸು ಹಾಕಿದ ಹಸೀನಳ ಬೆರಳಿನಿಂದ ಸೋಪು ನೀರಿನಲ್ಲಿ ಉಜ್ಜಿಸಿದರು. ಅದು ಕಿರ್ ಎಂದಿತು. ಒಂದು ಮೊಳ ಆಳದಲ್ಲಿ ಟಾರ್ಚ್ ಹಾಕಿದರೆ ರಬ್ಬರು ಇದ್ದಿಲಿನ ಹಾಗೆ ಕಪ್ಪಾಗಿತ್ತು. ಅಳೆದಾಗ ಬಾಯಿ ನಿಗದಿಯ ಮಟ್ಟಕ್ಕಿಂತ ಅರ್ಧ ಡೆಸಿಬೆಲ್ ಮೇಲೆಯೇ ಇತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಸೀನ ಇನ್ನೂ ಎರಡು ಸಲ ಅಳೆಸಿದಳು. ಎರಡು ಸಲವೂ ಅದೇ ಬಂತು.

ಮಧ್ಯಾಹ್ನ ಪೆಣ್ಣಮ್ಮ ತೆಪ್ಪದ ದಿನಚರಿ ಪುಸ್ತಕ ತೆರೆದು ತನ್ನ ಕೈಯಿಂದಲೇ ಬರೆದಳು. 'ಈ ತಿಂಗಳ ಮೊದಲ ದಿನದಿಂದ ಇಂದು ಬೆಳಗಿನವರೆಗೆ, ಹೋದ ವರ್ಷ ಇದೇ ತಿಂಗಳ ಮೊದಲ ಐದು ದಿನ, ನನ್ನ ಬೆರಳಿನ ತೈಲ ಮೂಲ ಕಿವಿಗೆ ತಗುಲಿತ್ತು. ಆ ದಿನಗಳ ಅಳತೆಗಳನ್ನು ನಂಬಬಾರದು. ಪೆಣ್ಣಮ್ಮ ಕುಞ್ಞೇಪ್ಪು.' ಒಂದಕ್ಷರ ಹಾಕಿ ಬಿಡಲು ಮನಸ್ಸಾಗಲಿಲ್ಲ, ಪೂರ್ತಿ ಹೆಸರು ಬರೆದಳು.

ಗುರುವಾರ ಸಮಿತಿಯವರು ಮೊದಲು ಆ ಪುಟವನ್ನೇ ಓದಿದರು. ಅವರಲ್ಲೊಬ್ಬ ಹಿರಿಯರು, "ಕಿವಿ ಕೆಟ್ಟಿತ್ತು ಅಂತೀರಿ, ಈಗ ಸರಿಯಾಗಿದೆ ಅಂತೀರಿ. ನಾವು ನಂಬೋದು ಹೇಗೆ?" ಎಂದರು. ಹಸೀನ ಮುದುಕಿಯನ್ನು ಇಳಿಸಿ ಅಳೆಸಿದಳು. ಮುದುಕಿ ಇಪ್ಪತ್ತಾರು ವರ್ಷದಿಂದ ಕೊಡುತ್ತಿದ್ದ ಅಂಕಿಯನ್ನೇ ಕೊಟ್ಟಿತು. ಆ ಹಳೆಯ ಅಂಕಿಗಳ ಹಾಳೆಗಳನ್ನೂ ತರಿಸಿ ನೋಡಿದರು. ಅಲ್ಲೆಲ್ಲ 'ಪೆ' ಇತ್ತು. ಹಿರಿಯರು ಹಾಳೆಗಳನ್ನು ಮಡಚಿಟ್ಟರು. ಹಸೀನಳ ಯೋಜನೆಗೆ ಒಪ್ಪಿಗೆ ಬಿತ್ತು.

ಪೆಣ್ಣಮ್ಮನ ಪಾಲಿಗೆ ಅದು ಅಲ್ಲಿಗೆ ಮುಗಿಯಲಿಲ್ಲ. ವಿವರಣೆ ಕೇಳಿ ಕೊಚ್ಚಿಯಿಂದ ನೋಟೀಸು ಬಂತು, ಉತ್ತರ ಬರೆದಳು. 'ದುರ್ಬಲ' ಎಂದು ಹೋಗಿದ್ದ ಬಾಯಿ ವಾಪಸು ಬಂದು, ಸರಿ ಎಂದು ಸಾಬೀತಾಯಿತು. 'ಸವೆದಿದೆ' ಎಂದು ಹೋಗಿದ್ದನ್ನು ಮಾತ್ರ ಕೊಚ್ಚಿಯಲ್ಲಿ ಅಷ್ಟರಲ್ಲೇ ಬಿಚ್ಚಿ ಹಾಕಿದ್ದರು. ಅದನ್ನು ಮತ್ತೆ ಜೋಡಿಸಲು ಬರುವುದಿಲ್ಲ. ಅದನ್ನು ಮಾಡಿದ್ದ ವಿಜ್ಞಾನಿ ಆಮೇಲೆ ಎರಡು ಸಲ ತೆಪ್ಪಕ್ಕೆ ಬಂದರು. ಎರಡು ಸಲವೂ ಕೈ ತೊಳೆದು ತೋರಿಸಿದರು, ಪೆಣ್ಣಮ್ಮನ ಜೊತೆ ಮಾತಾಡಲಿಲ್ಲ. ಅವಳೂ ಮಾತಾಡಿಸಲು ಹೋಗಲಿಲ್ಲ. ಅವರಿಗೆ ಸಿಟ್ಟು ಮಾಡುವ ಹಕ್ಕಿದೆ ಎಂದು ಅವಳಿಗೆ ಅನ್ನಿಸಿತ್ತು.

ದಿನಚರಿಯಲ್ಲಿ ಬರೆದ ಆ ಬುಧವಾರದ ಸಂಜೆಯೇ ಮನೆಯಲ್ಲಿ ಕುಞ್ಞೇಪ್ಪು ತೈಲ ಬೆಚ್ಚಗೆ ಮಾಡಿಟ್ಟುಕೊಂಡು ಕಾಯುತ್ತಿದ್ದ. ಅವಳು ಕಾಲು ಮುಂದೆ ಚಾಚಿದಳು.

"ಇವತ್ತಿಂದ ಮೊಣಕಾಲಿಗೆ ಮಾತ್ರ."

"ಕೈಗೆ ಏನಾಯ್ತು? ನಿನ್ನೆ ಮಡಚೋಕೆ ಬರ್ತಿತ್ತಲ್ಲ."

ಅವಳು ಎಲ್ಲ ಹೇಳಿದಳು. ಅವನು ಸೀಸೆಯನ್ನು ಕೈಯಲ್ಲಿ ತಿರುಗಿಸುತ್ತ ಕೂತ. "ಹಾಗಾದ್ರೆ ಕೆಡಿಸಿದ್ದು ನಾನು."

"ತಿಕ್ಕಿದ್ದು ನೀವು. ಸಹಿ ಹಾಕಿದ್ದು ನಾನು."

"ಕೆಲಸ ಹೋಗುತ್ತಾ?"

"ಗೊತ್ತಿಲ್ಲ ಇಚ್ಚಾಯ. ತಿಕ್ಕಿ, ತೈಲ ಆರ್ತಿದೆ."

ಕೆಲಸ ಹೋಗಲಿಲ್ಲ. ವೇಲಪ್ಪನ್ ಸಾರ್ ಅಳತೆಯ ಹಾಳೆಗೆ ಇನ್ನೊಂದು ಕಾಲಮ್ಮು ಸೇರಿಸಿದರು: 'ತೊಳೆದವರು ಈ ವಾರ ಕೈಗೆ ತೈಲ ಹಚ್ಚಿದ್ದಾರೆಯೇ?' ಅದರ ಜೊತೆಗೆ, ನೀರಿಗೆ ಇಳಿಸಿದ ಮೇಲೆ ಒಂದು ಮೊಳ ಆಳದಲ್ಲಿ ನಿಲ್ಲಿಸಿ ಟಾರ್ಚ್ ಹಾಕಿ ಇಬ್ಬರು ನೋಡಬೇಕು ಎಂಬ ನಿಯಮವೂ ಬಂತು. ಕೊಚ್ಚಿಯಿಂದ ಬಂದ ಹೊಸಬರಿಗೆ ಈ ಕಾಲಮ್ಮು ನೋಡಿ ನಗು ಬರುತ್ತಿತ್ತು. ಪೆಣ್ಣಮ್ಮ ನಗುತ್ತಿರಲಿಲ್ಲ. ಹನ್ನೊಂದು ತಿಂಗಳು ಪ್ರತಿದಿನ ಅದರ ಎದುರು 'ಇಲ್ಲ' ಎಂದು ಬರೆದು, ಪಕ್ಕದಲ್ಲಿ ಪೂರ್ತಿ ಹೆಸರು ಹಾಕಿದಳು.

ಮುಂದಿನ ವರ್ಷದ ಕರ್ಕಿಡಕದಲ್ಲಿ ಬೆರಳುಗಳು ಮತ್ತೆ ಹಿಡಿದುಕೊಂಡವು. ಈ ಸಲ ಲೋಟವಿರಲಿ, ಚಮಚವೂ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ನಿವೃತ್ತಿಗೆ ಇನ್ನು ಮೂರು ತಿಂಗಳಿತ್ತು. ಕುಞ್ಞೇಪ್ಪು ಸೀಸೆ ತಂದು ಬೆಂಚಿನ ಮೇಲಿಟ್ಟ. ಅವಳು ಅದನ್ನು ಎರಡು ದಿನ ನೋಡಿದಳು. ಮೂರನೇ ದಿನ ಕೈ ಚಾಚಿದಳು.

ಮರುದಿನ ತೆಪ್ಪಕ್ಕೆ ಹೋಗಿ ಕೂದಲು ಬಿಗಿದು ಕಟ್ಟಿ, ಡಬ್ಬಿ ತೆರೆದು ಮೂರು ಸಲ ಕೈ ತೊಳೆದಳು. ಆಮೇಲೆ ಹಾಳೆ ತೆಗೆದು, ಹೊಸ ಕಾಲಮ್ಮಿನ ಎದುರು 'ಹೌದು' ಎಂದು ಬರೆದಳು. ಆ ವಾರ ಹಸೀನ ತನ್ನ ಎರಡನೇ ಬಾಯಿಯ ಜೊತೆ ಅಲ್ಲೇ ಇದ್ದಳು. ಪೆಣ್ಣಮ್ಮ ಡಬ್ಬಿಯನ್ನು ಅವಳ ಮುಂದೆ ಸರಿಸಿದಳು.

"ಇದನ್ನ ಯಾರೂ ಮುಟ್ಟೋ ಹಾಗಿಲ್ಲ ಅಂತಿದ್ರಲ್ಲ ಚೇಚಿ."

"ಮುಟ್ಟು. ಮೊದಲು ಉಗುರು ತೋರಿಸು."

ಹಸೀನ ತೋರಿಸಿದಳು, ತೊಳೆದಳು, ಕಿವಿಯನ್ನು ಹಿಡಿದು ಉಜ್ಜತೊಡಗಿದಳು. ಪೆಣ್ಣಮ್ಮ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಪಕ್ಕದ ಸ್ಟೂಲಿನ ಮೇಲೆ ಕೂತಳು.

"ಆಯ್ತಾ ಚೇಚಿ?"

"ಇನ್ನೂ ಕಿರ್ ಅಂದಿಲ್ಲ. ಉಜ್ಜು."